ಬಣ್ಣಕ್ಕೆ ಮುಂಚೆ ಕರೆದ ಬಾಷಾ ಸಾಬ್ರು

ಹೊಸಕೋಟೆಯ ಒಂದು ಖಾಸಗಿ ಶಾಲೆಯಲ್ಲಿ ಸಾರಿಗೆ ಮೇಲ್ವಿಚಾರಕಿಯಾಗಿ ನಾನು ಸೇರಿ ಆಗ ಎರಡನೆಯ ವರ್ಷ. ಐದು ವ್ಯಾನುಗಳ ಡೀಸೆಲ್ಲು, ಪರ್ಮಿಟ್ಟು, ಯಾವ ಮಗು ಯಾವ ತಿರುವಿನಲ್ಲಿ ಹತ್ತುತ್ತದೆ, ಯಾರನ್ನು ಕಿಟಕಿ ಪಕ್ಕ ಕೂರಿಸದಿದ್ದರೆ ವಾಂತಿಯಾಗುತ್ತದೆ, ಎಲ್ಲವೂ ನನ್ನ ತಲೆಯಲ್ಲಿರಬೇಕು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಹೊಸತು. ಮಕ್ಕಳನ್ನು ಇಳಿಸಿ ಖಾಲಿ ಬರುತ್ತಿದ್ದ ವ್ಯಾನೊಂದಕ್ಕೆ ಪಿಲ್ಲಗುಂಪೆ ತಿರುವಿನಲ್ಲಿ ಲಾರಿ ಗುದ್ದಿತು. ಚಾಲಕ ನಂಜಪ್ಪನವರಿಗೆ ಪೆಟ್ಟಾಗಲಿಲ್ಲ. ಮಕ್ಕಳು ಹತ್ತಿಳಿಯುವ ಬಾಗಿಲಿನ ಕಡೆ ಪೂರ್ತಿ ನಜ್ಜಾಗಿತ್ತು. ಪೋಷಕರು ಗಾಬರಿಯಾಗಬಾರದು, ಏನೂ ನಡೆದಿಲ್ಲವೆಂಬಂತೆ ಕಾಣಬೇಕು ಎಂಬುದೊಂದೇ ನನ್ನ ಚಿಂತೆ. ಹೆದ್ದಾರಿ ಪಕ್ಕದ ದೊಡ್ಡ ಗ್ಯಾರೇಜಿನವರು ಎರಡೇ ದಿನದಲ್ಲಿ ಕೊಡುತ್ತೇವೆಂದರು, ಕೊಟ್ಟರು ಕೂಡ. ಹಳದಿ ಬಣ್ಣ ಎಷ್ಟು ಹೊಂದಿತ್ತೆಂದರೆ ಪೆಟ್ಟು ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು.

ಮಾರನೆಯ ಬೆಳಿಗ್ಗೆ ನಂಜಪ್ಪ ಕೀಲಿಕೈ ತಂದು ಮೇಜಿನ ಮೇಲಿಟ್ಟರು.

"ಮೇಡಮ್ಮೋರೆ, ಈ ಗಾಡೀಲಿ ಮಕ್ಕಳ್ನ ಕೂರಿಸ್ಕೊಂಡು ನಾ ಹೋಗಲ್ಲ. ಬಾಗಿಲು ಹಾಕಿದ್ರೆ ಸದ್ದು ಬೇರೆ ಥರ ಬತ್ತೈತೆ."

"ಸದ್ದಿಗೆಲ್ಲ ಟ್ರಿಪ್ ನಿಲ್ಲಿಸ್ತೀರಾ? ನಿಮಗೇನು ಸಂಗೀತ ಕಚೇರಿ ಆಗ್ಬೇಕಾ?" ಎಂದು ಎಲ್ಲರೆದುರೇ ರೇಗಿದೆ.

ಅವರು ಕದಲಲಿಲ್ಲ. "ಬೈಕೊಳ್ಳಿ. ಆದ್ರೆ ಒಂದ್ಸಲ ಬಾಷಾ ಸಾಬ್ರಿಗೆ ತೋರ್ಸಿ ಬರೋಣ."

ಬಾಷಾ ಸಾಬ್ರು ಟಿಂಕರಿಂಗ್ ಮಾಡುವವರು, ಅಂದರೆ ನಜ್ಜಾದ ಗಾಡಿಯ ಮೈಯನ್ನು ಬಡಿದು ಬೆಸೆದು ಸರಿಮಾಡುವವರು. ಒಲ್ಲದ ಮನಸ್ಸಿನಿಂದಲೇ ನಂಜಪ್ಪನವರ ಜೊತೆ ಹೋದೆ. ಓಣಿಯೊಳಗಿನ ಅವರ ಶೆಡ್ಡಿಗೆ ಬೋರ್ಡೂ ಇರಲಿಲ್ಲ. ಸಾಬ್ರು ಜೇಬಿನಿಂದ ಅಯಸ್ಕಾಂತ ತೆಗೆದು ವ್ಯಾನಿನ ಮೈಮೇಲೆ ಎಳೆಯುತ್ತ ಬಂದರು. ಬೇರೆಲ್ಲ ಕಡೆ ಕಚ್ಚಿಕೊಂಡದ್ದು, ಬಾಗಿಲನ್ನು ಹೊತ್ತು ನಿಲ್ಲುವ ಪಿಲ್ಲರಿನ ಹತ್ತಿರ ಜಾರಿ ಅವರ ಅಂಗೈಗೆ ಬಿತ್ತು.

"ಇಲ್ಲಿ ತಗಡಿಲ್ಲಮ್ಮ, ಬರೀ ಪುಟ್ಟಿ. ಕೆರೀಲಾ?"

ಹೂಂ ಎಂದೆ. ತಗ್ಗು ತುಂಬಲು ಬಳಿದ ಆ ಲೇಪ ಹೆಬ್ಬೆರಳಿನ ದಪ್ಪ ಉದುರಿತು. ಒಳಗೆ, ಬಾಗಿಲಿನ ಕೀಲು ಕೂರುವ ಜಾಗದಲ್ಲೇ ಪಿಲ್ಲರ್ ಸೀಳಿತ್ತು. ಓಡುವಾಗ ಬಾಗಿಲು ಕಳಚಿದ್ದರೆ? ಅದರ ಪಕ್ಕದ ಸೀಟಿನಲ್ಲಿ ಕೂರುವವಳು ಯುಕೆಜಿಯ ಪುಟ್ಟ ಹುಡುಗಿ.

"ಎಂಟು ದಿನ ಬೇಕು," ಎಂದರು ಸಾಬ್ರು. "ಬಣ್ಣಕ್ಕೆ ಮುಂಚೆ ಫೋನ್ ಮಾಡ್ತೀನಿ, ಬಂದು ಬೆಸುಗೆ ನೋಡ್ಬೇಕು. ನೀವು ನೋಡ್ದೆ ನಾನು ಮುಚ್ಚಲ್ಲ."

"ನನಗೇನು ಗೊತ್ತಾಗುತ್ತೆ ಸಾಬ್ರೆ?"

"ಬೆರಳಾಡ್ಸಿ. ಸಂದು ಸಿಕ್ಕಿದ್ರೆ ಬೈದ್ಬಿಡಿ. ನಂಜಪ್ಪನ್ನ ಬೈದ್ರಂತಲ್ಲ, ಅಭ್ಯಾಸ ಐತೆ ನಿಮ್ಗೆ!"

ಪೋಷಕರಿಗೆ ನಡೆದದ್ದನ್ನೆಲ್ಲ ಬಿಡದೆ ಬರೆದು ತಿಳಿಸಿದೆ. ಉಳಿದ ವ್ಯಾನುಗಳು ಎರಡೆರಡು ಸುತ್ತು ಹೊಡೆದವು. ಗೊಣಗಿದವರಿದ್ದರು. ಆದರೆ ಮಗುವನ್ನು ವ್ಯಾನಿನಿಂದ ಬಿಡಿಸಿಕೊಂಡವರು ಒಬ್ಬರೂ ಇಲ್ಲ. ಆರನೆಯ ದಿನ ಸಾಬ್ರ ಫೋನು ಬಂತು. ಹೋಗಿ ಬರಿಯ ಬೆಸುಗೆಯ ಮೇಲೆ ಬೆರಳಾಡಿಸಿದೆ. ಎಲ್ಲೂ ತಡೆಯಲಿಲ್ಲ. ಬಣ್ಣವೇನೋ ಒಂದು ಚೂರು ಬೇರೆಯೇ ಬಂತು. ನನಗದು ಬೇಸರವೆನಿಸಲಿಲ್ಲ.

ವ್ಯಾನು ಮತ್ತೆ ಹೊರಟ ಬೆಳಿಗ್ಗೆ, ಎಲ್ಲರೆದುರೇ ನಂಜಪ್ಪನವರ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಮೇಡಮ್ಮೋರೆ, ನಿಮ್ಗೂ ಮಕ್ಕಳು ಟೈಮಿಗೆ ಬರ್ಲಿ ಅಂತ್ಲೇ ಅಲ್ವಾ," ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು.

ಒಳ್ಳೆಯ ಗ್ಯಾರೇಜ್ ಯಾವುದೆಂದು ಈಗಲೂ ಹಲವರು ಕೇಳುತ್ತಾರೆ. ಮುಚ್ಚುವ ಮೊದಲು ನಿಮ್ಮನ್ನು ಕರೆದು ತೋರಿಸುವವರ ಹತ್ತಿರ ಹೋಗಿ ಎನ್ನುತ್ತೇನೆ. ನಮ್ಮ ಚಾಲಕರಿಗೆ ಹೇಳಿರುವುದು ಇನ್ನೊಂದಿದೆ: ಮನಸ್ಸು ಒಪ್ಪದಿದ್ದರೆ ಮೊದಲು ಗಾಡಿ ನಿಲ್ಲಿಸಿ, ಕಾರಣ ಆಮೇಲೆ ಹೇಳಿ.