ನಾಲ್ಕನೇ ಪ್ರೆಸ್ಸಿನ ಮುಂದೆ ಇವತ್ತು ಯಾರು?

ಅವರ ಬಲತೋಳಿನ ತುಂಬ ಅಕ್ಕಿಕಾಳಿನಷ್ಟು ಬಿಳಿ ಕಲೆಗಳಿದ್ದವು. ಚೀವರವನ್ನು ಎಡಹೆಗಲಿಗೆ ಹೊದ್ದು ಬಲತೋಳನ್ನು ಬರಿದಾಗಿ ಬಿಡುವುದು ಭಿಕ್ಷುಗಳ ಪದ್ಧತಿಯಾದ್ದರಿಂದ ಎದುರು ಕೂತವರಿಗೆ ಮೊದಲು ಕಾಣುತ್ತಿದ್ದುದು ಆ ಕಲೆಗಳೇ. ಏನೋ ಚರ್ಮರೋಗವಿರಬೇಕೆಂದು ನಾನು ಮೊದಲ ದಿನ ಸ್ವಲ್ಪ ಹಿಂದೆ ಸರಿದು ಕೂತೆ. ಅವರು ಅದನ್ನು ನೋಡಿ ನಕ್ಕರು. "ಹೆದರಬೇಡಿ ಸಾರ್, ಅಂಟಲ್ಲ. ಫೋರ್ಜಿಂಗ್ ಶಾಪಲ್ಲಿ ಕಾದ ಕಬ್ಬಿಣಕ್ಕೆ ಹ್ಯಾಮರ್ ಬಿದ್ದಾಗ ಕಿಡಿ ಸಿಡಿಯುತ್ತಲ್ಲ, ಅದು" ಎಂದರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನಾವೆಲ್ಲ ಅವರನ್ನು ಭಂತೇಜಿ ಎನ್ನುತ್ತಿದ್ದೆವು. ಬೀದರ್ ಜಿಲ್ಲೆಯ ಔರಾದ್ ಕಡೆಯವರು. ಅವರ ತಂದೆಯ ಕಾಲದಲ್ಲೇ ಮನೆಯವರೆಲ್ಲ ಬೌದ್ಧರಾಗಿದ್ದರು. ಇಪ್ಪತ್ತರ ವಯಸ್ಸಿಗೆ ಪೀಣ್ಯಕ್ಕೆ ಬಂದು, ಹದಿನಾಲ್ಕು ವರ್ಷ ಕಬ್ಬಿಣ ಬಡಿಯುವ ಕಾರ್ಖಾನೆಯಲ್ಲಿ ದುಡಿದು, ಬಲಗಿವಿಯನ್ನು ಪೂರ್ತಿ, ಎಡಗಿವಿಯನ್ನು ಮುಕ್ಕಾಲು ಪಾಲು ಅಲ್ಲೇ ಕಳೆದುಕೊಂಡು, ಆಮೇಲೆ ದೀಕ್ಷೆ ತೆಗೆದುಕೊಂಡವರು. ಭಿಕ್ಷುವಾದ ಮೇಲೆ ಬೆಟ್ಟ, ಒಳ್ಳೆಯ ಗಾಳಿ ಇರುವ ಕಡೆ ಹೋಗಬಹುದಿತ್ತು. ಮತ್ತೆ ಪೀಣ್ಯಕ್ಕೇ ಬಂದರು. ಯಾಕೆಂದು ಕೇಳಿದ್ದಕ್ಕೆ, "ಬೆಟ್ಟಕ್ಕೇನಾಗಿದೆ ಸಾರ್, ಚೆನ್ನಾಗೇ ಇದೆಯಲ್ಲ" ಎಂದಿದ್ದರು.

ಅವರ ವಿಹಾರವೆಂದರೆ ಚೊಕ್ಕಸಂದ್ರದ ಗಲ್ಲಿಯೊಂದರಲ್ಲಿ ಸ್ಪ್ರಿಂಗ್ ತಯಾರಿಸುವ ಶೆಡ್ಡಿನ ಮೇಲಿದ್ದ ಒಂದೇ ಕೋಣೆ. ಒಂದು ಬುದ್ಧನ ಮೂರ್ತಿ, ನಾಲ್ಕು ಚಾಪೆ, ಒಂದು ಸ್ಟೀಲ್ ಡಬರಿ. ನೆಲವನ್ನು ದಿನವೂ ಅವರೇ ಒರೆಸುತ್ತಿದ್ದರು. ಬೇರೆಯವರು ಬಟ್ಟೆಗೆ ಕೈ ಹಾಕಿದರೆ ಬೈಯುತ್ತಿದ್ದರು. ಮಧ್ಯಾಹ್ನದ ನಂತರ ಊಟವಿಲ್ಲ, ಬರೀ ನೀರು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಚ್.ಆರ್. ನೋಡಿಕೊಳ್ಳುತ್ತಿದ್ದೆ. ಸೇಫ್ಟಿಯ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಬಿ.ಪಿ. ಏರಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಏರಿತ್ತು. ಡಾಕ್ಟರು ಧ್ಯಾನ ಮಾಡಿ ಎಂದರು. "ಮನೇಲಿ ನಾವೆಲ್ಲ ನಿಮ್ಮ ಉಸಿರು ನೋಡ್ಕೊಂಡೇ ಓಡಾಡ್ತೀವಿ. ಇನ್ನು ನೀವೂ ಸ್ವಲ್ಪ ನೋಡ್ಕೊಳ್ಳಿ" ಎಂದು ನನ್ನ ಹೆಂಡತಿ ದೂಡಿದಳು. ನಮ್ಮದು ದಾವಣಗೆರೆಯ ಲಿಂಗವಂತರ ಮನೆ. ವಿಭೂತಿ ಅಳಿಸಿಕೊಂಡು ಬರಬೇಕೇ ಎಂದು ಕೇಳಿದಾಗ ಭಂತೇಜಿ, "ಯಾಕೆ, ಉಸಿರಿಗೆ ಅಡ್ಡ ಬರುತ್ತಾ?" ಎಂದರು.

ಹೀಗೆ ಭಾನುವಾರ ಬೆಳಗಿನ ನಮ್ಮ ಮಾತುಕತೆ ಶುರುವಾಯಿತು. ಕೆಳಗಿನ ಶೆಡ್ಡು ಭಾನುವಾರವೂ ನಡೆಯುತ್ತಿತ್ತು. ಈ ಸದ್ದಿನಲ್ಲಿ ಮನಸ್ಸು ನಿಲ್ಲುವುದು ಹೇಗೆ ಎಂದು ನಾನು ಸಿಡುಕಿದೆ. ಅವರು ಎಡಗಿವಿಗೆ ಅಂಗೈ ಆನಿಸಿ, ನನ್ನ ತುಟಿಗಳನ್ನೇ ದಿಟ್ಟಿಸಿ ನೋಡಿ, "ನಿಮ್ಮ ಸದ್ದು ಹೊರಗಡೆ ಇದೆ, ಸಂಜೆ ನಿಲ್ಲುತ್ತೆ. ನನ್ನ ಕಿವಿಯೊಳಗೆ ಹ್ಯಾಮರ್ ಇನ್ನೂ ಬೀಳ್ತಾ ಇದೆ. ಮೌನ ಹೇಗಿರುತ್ತೆ ಅಂತ ನಾನು ಮರೆತು ಇಪ್ಪತ್ತು ವರ್ಷ ಆಯ್ತು" ಎಂದರು. ಮೌನವೇ ಗೊತ್ತಿಲ್ಲದವರಿಂದ ನಾನು ಧ್ಯಾನ ಕಲಿತೆ.

ಸಿಟ್ಟಿನ ವಿಷಯ ತೆಗೆದಾಗ ಅವರು ಉಪದೇಶ ಮಾಡಲಿಲ್ಲ. "ಸಿಟ್ಟು ಬಂದಾಗ ಎಲ್ಲಿ ಬಿಸಿಯಾಗುತ್ತೆ, ಜಾಗ ಹೇಳಿ" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಬೇರಿಂಗ್ ಬಿಸಿಯಾದ್ರೆ ಬೈತೀರಾ? ಕೈಯಿಟ್ಟು ನೋಡ್ತೀರಿ ತಾನೇ? ಹಂಗೇ ನೋಡಿ." ಒಂದು ತಿಂಗಳು ನೋಡಿದೆ. ಗಂಟಲ ಕೆಳಗೆ, ಎದೆಯ ಎಡಕ್ಕೆ. ಅದನ್ನು ಹೇಳಿದ ದಿನ ಅವರಿಗಾದ ಸಂತೋಷ ನನಗೆ ಇನ್ನೂ ನೆನಪಿದೆ.

ಒಮ್ಮೆ ವೈಟ್‌ಫೀಲ್ಡಿನಿಂದ ಒಬ್ಬರು ಕಾರಿನಲ್ಲಿ ಬಂದಿದ್ದರು. ಇನ್ನೂರು ದಿನ ಬಿಡದೆ ಧ್ಯಾನ ಮಾಡಿದ್ದೇನೆ ಎಂದು ಫೋನಿನಲ್ಲಿದ್ದ ಪಟ್ಟಿ ತೋರಿಸಿದರು. ಭಂತೇಜಿ ಅದನ್ನು ಆಸಕ್ತಿಯಿಂದಲೇ ನೋಡಿ, "ಇದರಲ್ಲಿ ಹೆಂಡತಿ ಹತ್ರ ಜಗಳ ಆಡಿದ ದಿನ ಎಷ್ಟು ಅಂತಲೂ ಬರುತ್ತಾ?" ಎಂದರು. ಕಾರಿನವರು ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರ ಹೆಂಡತಿಯೊಂದಿಗೆ ಬಂದರು. ಭಂತೇಜಿ ಕಲಿಸುತ್ತಿದ್ದುದೆಲ್ಲ ಒಂದೇ ಪದ, ಎಚ್ಚರ. ಏನು ನಡೆಯುತ್ತಿದೆಯೋ ಅದನ್ನು ಅದು ನಡೆಯುವಾಗಲೇ ತಿಳಿಯುವುದು.

ಆ ಪದವನ್ನು ಕಾರ್ಖಾನೆಗೆ ಒಯ್ದವನು ನಾನು.

ನಮ್ಮಲ್ಲಿ ಪವರ್ ಪ್ರೆಸ್ ವಿಭಾಗದಲ್ಲಿ ಹೆಂಗಸರೇ ಹೆಚ್ಚು. ತಗಡನ್ನು ಕೈಯಿಂದ ಒಳಗಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಬಂದು ಬಡಿದು ತಗಡನ್ನು ಕತ್ತರಿಸುತ್ತದೆ. ಆ ವರ್ಷ ಸಣ್ಣಪುಟ್ಟ ಗಾಯಗಳು ಜಾಸ್ತಿಯಾಗಿದ್ದವು. ಶನಿವಾರ ಬೆಳಗಿನ ಪಾಳಿಗೆ ಮುಂಚೆ ಅರ್ಧ ಗಂಟೆ ಭಂತೇಜಿಯವರಿಂದ ಧ್ಯಾನ ಹೇಳಿಸೋಣ ಎಂದೆ. ಮ್ಯಾನೇಜರಿಗೆ ಖುಷಿಯೋ ಖುಷಿ.

ಭಂತೇಜಿ ಮಾತ್ರ ತಕ್ಷಣ ಒಪ್ಪಲಿಲ್ಲ. ಬೆಂಗಳೂರಿನ ಮಾತು ಎಷ್ಟೇ ರೂಢಿಯಾಗಿದ್ದರೂ ಗಂಭೀರವಾದಾಗ ಅವರ ನಾಲಗೆ ಬೀದರಿಗೆ ಹೋಗಿಬಿಡುತ್ತಿತ್ತು.

"ಮಷಿನ್ ಸರಿ ಅವ ಏನ್ರಿ?" ಎಂದು ಕೇಳಿದರು.

"ಇವೆ" ಎಂದೆ.

ನಾಲ್ಕನೇ ಪ್ರೆಸ್ಸು ಒಮ್ಮೆ ಒತ್ತಿದರೆ ಎರಡು ಸಲ ಹೊಡೆಯುತ್ತಿದೆ ಎಂದು ಮೆಂಟೆನೆನ್ಸಿನವರು ಬರೆದ ಚೀಟಿ ಆಗ ನನ್ನ ಮೇಜಿನ ಮೇಲಿತ್ತು. ರಿಪೇರಿಗೆಂದು ಪ್ರೆಸ್ಸನ್ನು ನಿಲ್ಲಿಸಿದರೆ ಆ ತಿಂಗಳ ಆರ್ಡರ್ ತಪ್ಪುತ್ತಿತ್ತು. ಮುಂದಿನ ತಿಂಗಳು ನೋಡೋಣ ಎಂದು ಮ್ಯಾನೇಜರ್ ಹೇಳಿದ್ದರು, ನಾನು ತಲೆಯಾಡಿಸಿದ್ದೆ.

ಶನಿವಾರಗಳು ನಡೆದವು. ಸಿಂದಗಿ ಕಡೆಯ ಒಬ್ಬ ಅಕ್ಕ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ನಲವತ್ತು ದಾಟಿದವಳು, ಗಂಡನಿಲ್ಲ. "ದಿನಾ ಒದರಾಡೋ ತಲಿ ಅರ್ಧ ತಾಸು ಸುಮ್ಕಿರತೈತ್ರಿ" ಎನ್ನುತ್ತಿದ್ದಳು. ಕೆಲಸಕ್ಕೆ ಆಕೆ ಕೂರುತ್ತಿದ್ದುದು ನಾಲ್ಕನೇ ಪ್ರೆಸ್ಸಿನ ಮುಂದೆ.

ಆರನೇ ವಾರದ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಕೆಯ ಬಲಗೈಯ ಮೂರು ಬೆರಳು ಹೋದವು. ಪ್ರೆಸ್ಸನ್ನು ತೊಳೆದು, ಸಂಜೆ ಪಾಳಿಗೆ ಅದರ ಮುಂದೆ ಇನ್ನೊಬ್ಬಳನ್ನು ಕೂರಿಸಿದರು. ಅಪಘಾತದ ವರದಿ ಬರೆಯುವುದು ನನ್ನ ಕೆಲಸ. ಕಾರಣ ಎಂಬಲ್ಲಿ "ಕಾರ್ಮಿಕಳ ಗಮನ ಬೇರೆಡೆ ಇದ್ದುದು" ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನನ್ನ ಬುದ್ಧಿವಂತಿಕೆ ಕೇಳಬೇಕೇ! "ಎಚ್ಚರದಿಂದಿರುವ ಕುರಿತು ಬೌದ್ಧ ಭಿಕ್ಷುಗಳಿಂದ ಈಗಾಗಲೇ ತರಬೇತಿ ಕೊಡಿಸಲಾಗಿದೆ" ಎಂದೂ ಸೇರಿಸಿದೆ.

ಮೂರನೇ ದಿನ ಭಂತೇಜಿ ಆಸ್ಪತ್ರೆಗೆ ಹೊರಟರು. ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಹೆಂಗಸರ ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆ, ಎಲ್ಲ ತುಂಬಿದ್ದವು. ಅಕ್ಕ ಕೈಗೆ ದಪ್ಪ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ್ದಳು. ಇವರನ್ನು ನೋಡಿ ಏಳಲು ಹೋದಳು, ಆಗಲಿಲ್ಲ. ಮೆಲ್ಲಗೆ ಏನೋ ಹೇಳಿದಳು.

ಭಂತೇಜಿ ಕಿವಿಗೆ ಕೈ ಆನಿಸಿ ನನ್ನ ಕಡೆ ತಿರುಗಿದರು. "ಏನಂತಾಳ್ರಿ?"

ನಾನು ತಡವರಿಸಿದೆ. ಆಕೆ ದನಿ ಏರಿಸಿ ಇನ್ನೊಮ್ಮೆ ಹೇಳಿದಳು. "ನಾ ಎಚ್ಚರ ಇದ್ದೆರಿ ಭಂತೇಜಿ. ನೀವು ಹೇಳಿದಂಗ ಎಚ್ಚರಾನ ಇದ್ದೆ. ಕಾಲ ತಗದಿದ್ದೆರಿ. ಅದು ತಾನ ಮತ್ತೊಮ್ಮೆ ಬಂತ್ರಿ. ಬರೋದು ಕಂಡೆ, ಕೈ ಎಳಕೊಳ್ಳಾಕ ಆಗಲಿಲ್ರಿ."

ಅವರು ಮತ್ತೆ ನನ್ನ ಮುಖವನ್ನೇ ನೋಡಿದರು. "ಕೇಳಸ್ಲಿಲ್ಲ. ನೀವು ಹೇಳ್ರಿ."

ನಾನು ಅವರ ಎಡಗಿವಿಗೆ ಬಾಗಿ ಕೂಗಬೇಕಾಯಿತು. "ಎಚ್ಚರ ಇದ್ದೆ ಅಂತಿದ್ದಾರೆ!" ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. "ಮಷಿನ್ ಎರಡು ಸಲ ಹೊಡೀತು ಅಂತಿದ್ದಾರೆ! ಕಾಲು ತೆಗೆದಿದ್ದರಂತೆ!" ನನ್ನ ಬಾಯಿಂದಲೇ, ನನ್ನ ದನಿಯಲ್ಲೇ. ಪಕ್ಕದ ಹಾಸಿಗೆಯ ಮುದುಕಿ "ಅಯ್ಯೋ ಶಿವನೇ" ಎಂದಳು. ಅವರಿಗೆ ನಿಜವಾಗಿ ಕೇಳಿಸಿರಲಿಲ್ಲವೋ, ಅಥವಾ ನನ್ನಿಂದ ಹೇಳಿಸಬೇಕೆಂದೇ ಕೇಳಿಸದವರಂತೆ ಇದ್ದರೋ ನನಗೆ ಇಂದಿಗೂ ತಿಳಿಯದು. ಒಂದು ಮೊಳ ದೂರದಲ್ಲಿ ಯಾರ ತುಟಿಯನ್ನಾದರೂ ಓದಬಲ್ಲವರು ಅವರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ವರದಿಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು. ಹೇಳಿದೆ, ಕೊನೆಯ ಸಾಲನ್ನೂ ಹೇಳಿದೆ.

"ತಪ್ಪು ನಂದೂ ಅದ. ನಿಮ್ಮ ಮಾತು ನಂಬಿ ಹಂಗೇ ಕೂತೆ. ಹದಿನಾಲ್ಕು ವರ್ಷ ಮಷಿನ್ ಜೊತಿ ಇದ್ದವ, ಒಂದ್ಸಲ ಒಳಗ ಹೋಗಿ ಕಣ್ಣಾರೆ ನೋಡಬೇಕಿತ್ತು" ಎಂದರು. ಆಮೇಲೆ ಕೇಳಿದರು. "ಈಗ ಅದರ ಮುಂದ ಯಾರು ಕೂತಾರ?"

ನಾನು ಹೆಸರು ಹೇಳಲಾಗದೆ "ಯಾರೋ ಹೊಸಬರು" ಎಂದೆ.

"ವಿಹಾರಕ್ಕೆ ಬರಬ್ಯಾಡ್ರಿ" ಎಂದರು. "ಆ ಕಾಗದ ತಿದ್ದೋತನಕ ಉಸಿರು ನೋಡೋ ಕೆಲಸ ನಿಮಗಿಲ್ಲ. ಈಗ ಅಲ್ಲಿ ಕೂತಾಳಲ್ಲ, ಆಕಿನ್ನ ನೋಡ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟಾಗಿ ತಪ್ಪಿಸಿಕೊಳ್ಳುತ್ತಿದ್ದೆ.

ನಾನು ತಿದ್ದಲಿಲ್ಲ. ಐವತ್ತಮೂರರಲ್ಲಿ ಕೆಲಸ ಹೋದರೆ ಇನ್ನೆಲ್ಲಿ ಸಿಗುತ್ತದೆ ಎಂಬ ಭಯ. ಬೇರೆ ಕಾರಣವೇನೂ ಇರಲಿಲ್ಲ, ಅದೊಂದೇ.

ಮರುದಿನದಿಂದ ಭಂತೇಜಿ ನಮ್ಮ ಗೇಟಿನ ಎದುರು ಬಂದು ನಿಂತರು. ಬೆಳಗಿನ ಪಾಳಿಯವರು ಒಳಗೆ ಹೋಗುವ ಹೊತ್ತು. ಬೋರ್ಡಿಲ್ಲ, ಘೋಷಣೆಯಿಲ್ಲ. ಒಳಗೆ ಹೋಗುವ ಹೆಂಗಸರನ್ನು ಒಂದೇ ಮಾತು ಕೇಳುತ್ತಿದ್ದರು. "ನಾಲ್ಕನೇ ಪ್ರೆಸ್ಸಿನ ಮುಂದೆ ಇವತ್ತು ಯಾರಮ್ಮಾ?" ಯಾರೋ ಒಬ್ಬಳು ನಾನು ಎನ್ನುತ್ತಿದ್ದಳು. ಅವರು ಆಕೆಯ ಹೆಸರು ಕೇಳಿ, ಆಕೆ ಒಳಗೆ ಹೋಗುವವರೆಗೂ ನೋಡಿ, ಪಾಳಿ ಮುಗಿದು ಹೊರಗೆ ಬರುವವರೆಗೂ ಅಲ್ಲೇ ಇರುತ್ತಿದ್ದರು. ಎರಡೂ ಕೈ ನೋಡಿ ಆಮೇಲೆ ಹೋಗುತ್ತಿದ್ದರು. ಡಿಸೆಂಬರಿನ ಚಳಿ, ರಿವರ್ಸ್ ತೆಗೆಯುವ ಲಾರಿಗಳ ಹೊಗೆ. ಫೋರ್ಜಿಂಗ್ ಶಾಪು ಅವರ ಕಿವಿಯನ್ನಷ್ಟೇ ಅಲ್ಲ, ಎದೆಯನ್ನೂ ತಿಂದಿತ್ತು. ಎರಡನೇ ವಾರಕ್ಕೆ ಕೆಮ್ಮು ನನ್ನ ಕೋಣೆಯವರೆಗೂ ಕೇಳಿಸತೊಡಗಿತು. "ನಿಮ್ಮ ಗುರುಗಳಿಗೆ ಸ್ವಲ್ಪ ಹೇಳಿ ಸಾರ್, ಕಂಪನಿ ಮರ್ಯಾದೆ ಪ್ರಶ್ನೆ" ಎಂದರು ಮ್ಯಾನೇಜರ್. ನಾನು ಕಿಟಕಿ ಹಾಕಿಕೊಂಡೆ. ಇಷ್ಟು ನೀಚತನ ನನ್ನಲ್ಲಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇತ್ತು.

ಹತ್ತೊಂಬತ್ತನೇ ದಿನ ನಾನು ಗೇಟಿಗೆ ಬರುವ ಹೊತ್ತಿಗೆ ಶಿರಾ ಕಡೆಯ ಒಬ್ಬ ಹೆಣ್ಣುಮಗಳು "ಇವತ್ತು ನಾನೇ ಸ್ವಾಮೀ" ಎಂದಳು. ಆಕೆ ಆರು ತಿಂಗಳ ಬಸುರಿ. ಭಂತೇಜಿ ಆಕೆಗೆ ಎರಡೂ ಕೈ ಜೋಡಿಸಿ ತಲೆಬಾಗಿದರು. ಭಿಕ್ಷುಗಳು ಗೃಹಸ್ಥರಿಗೆ ಕೈಮುಗಿಯುವುದಿಲ್ಲ. ಎಂಥ ದೊಡ್ಡವರು ಬಂದರೂ ಅವರು ಮುಗಿದದ್ದನ್ನು ನಾನು ನೋಡಿರಲಿಲ್ಲ. ಆ ಹೆಣ್ಣುಮಗಳು ಗಾಬರಿಯಾಗಿ "ಬುಡಿ ಸ್ವಾಮಿ, ಪಾಪ ಬತ್ತದೆ" ಎಂದು ಒಳಗೆ ಓಡಿದಳು. ನಾನು ಸ್ಕೂಟರನ್ನು ಅಲ್ಲೇ ಬಿಟ್ಟು ಆಕೆಯ ಹಿಂದೆ ಓಡಿ, ಆಕೆ ಕೂರುವ ಮುಂಚೆ ಪ್ರೆಸ್ಸಿನ ಸ್ವಿಚ್ ಆರಿಸಿ ಬೀಗ ಹಾಕಿದೆ. ಕೋಣೆಗೆ ಹೋಗಿ ವರದಿಯನ್ನು ಹೊಸದಾಗಿ ಬರೆದೆ. ಮೆಂಟೆನೆನ್ಸಿನ ಚೀಟಿಯನ್ನೂ ಲಗತ್ತಿಸಿ ಕಾರ್ಖಾನೆಗಳ ಇನ್‌ಸ್ಪೆಕ್ಟರಿಗೆ ನಾನೇ ಕೊಟ್ಟು ಬಂದೆ. ಹೊರಡುವಾಗ ಗೇಟಿನ ಎದುರು ಭಂತೇಜಿ ಕಾಣಲಿಲ್ಲ, ಪ್ರೆಸ್ ನಿಂತ ಸುದ್ದಿ ಕೇಳಿ ವಿಹಾರಕ್ಕೆ ಹೋಗಿರಬೇಕು ಎಂದುಕೊಂಡೆ. ಮರುದಿನ ಅವರು ಬಂದು ಬಿಚ್ಚಿಸಿದಾಗ ಪ್ರೆಸ್ಸನ್ನು ಹಿಡಿದು ನಿಲ್ಲಿಸಬೇಕಾದ ಭಾಗ ಪೂರ್ತಿ ಸವೆದಿತ್ತು. ಅದೇ ಮಧ್ಯಾಹ್ನ ಮ್ಯಾನೇಜರ್ ನನ್ನ ರಾಜೀನಾಮೆ ಬರೆಸಿಕೊಂಡರು. ಸಿಂದಗಿಯ ಅಕ್ಕನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ.

ನೇರವಾಗಿ ವಿಹಾರಕ್ಕೆ ಹೋದೆ. ಬಾಗಿಲಿಗೆ ಬೀಗವಿತ್ತು. ಶೆಡ್ಡಿನವನು ಲೇತ್ ನಿಲ್ಲಿಸಿ ಹೊರಗೆ ಬಂದ. "ನಿನ್ನೆ ಗೇಟ್ ಹತ್ರಾನೇ ಬಿದ್ಬಿಟ್ರಂತೆ ಸಾರ್, ನೀವೆಲ್ಲ ಒಳಗೆ ಹೋದ ಮೇಲೆ. ಟೀ ಅಂಗಡಿಯವರು ಆಸ್ಪತ್ರೆಗೆ ಹಾಕಿದ್ರು. ಜ್ಞಾನ ಬರಲೇ ಇಲ್ಲ. ಈಗ ಹನ್ನೆರಡು ಗಂಟೆಗೆ ಹೋಗ್ಬಿಟ್ರು."

ಸಂಸ್ಕಾರಕ್ಕೆ ಪ್ರೆಸ್ ವಿಭಾಗದ ಹೆಂಗಸರು ರಜೆ ಹಾಕಿ ಬಂದಿದ್ದರು. ಬೀದರಿನಿಂದ ಅವರ ಅಣ್ಣ ಬಂದಿದ್ದರು. ಚಿತಾಗಾರದ ಹೊರಗೆ ಎಲ್ಲರೂ ಕೂತಿದ್ದಾಗ ಸಿಂದಗಿಯ ಅಕ್ಕ ನನ್ನ ಪಕ್ಕಕ್ಕೆ ಬಂದಳು. ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ಪ್ರೆಸ್ ನಿಲ್ಲಿಸೀರಂತ. ಕಾಗದನೂ ತಿದ್ದೀರಂತ" ಎಂದಳು.

ಹೌದೆಂದೆ.

"ಭಂತೇಜಿಗೆ ಗೊತ್ತಾತೇನ್ರಿ ಸರ, ಹೋಗೂಕಿಂತ ಮೊದಲ?"

ಎಲ್ಲ ಹೆಂಗಸರೂ ನನ್ನ ಕಡೆ ನೋಡುತ್ತಿದ್ದರು. ಹೌದು ಎಂದಿದ್ದರೆ ಅವರೆಲ್ಲ ಸ್ವಲ್ಪ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಅಲ್ಲ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಗಂಟಲ ಕೆಳಗೆ, ಎದೆಯ ಎಡಕ್ಕೆ ಬಿಸಿಯಾಯಿತು.

"ಇಲ್ಲಮ್ಮ" ಎಂದೆ. "ಗೊತ್ತಾಗಲಿಲ್ಲ. ನಾನು ತಡ ಮಾಡಿದೆ."