ಖದೀಜಾಳ ವ್ಯಾನಿನ ಕೆಂಪು ಚುಕ್ಕಿಗಳು

ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರೂವರೆಗೆ ಖದೀಜಾಳ ಬಿಳಿ ವ್ಯಾನು ಹೊರಡುತ್ತಿತ್ತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೌಂಟ್ ರೋಸ್ಕಿಲ್, ಹಿಲ್ಸ್‌ಬರೋ ಕಡೆಯ ಮೂವರು ವಯಸ್ಸಾದವರನ್ನು ಡಯಾಲಿಸಿಸ್ ಕೇಂದ್ರಕ್ಕೆ ಬಿಟ್ಟು ಮಧ್ಯಾಹ್ನ ಮನೆಗೆ ತಲುಪಿಸುವುದು ಅವಳ ಕೆಲಸ. ಕೆಟ್ಟ ಕಿಡ್ನಿಯ ಬದಲು ಯಂತ್ರ ರಕ್ತ ಶುದ್ಧ ಮಾಡುವ ಜಾಗ ಅದು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ. ಮತ್ತೂ ತಪ್ಪಿದರೆ ನೀರು ಎದೆಗೇರುತ್ತದೆ, ಆಮೇಲಿನದನ್ನು ನರ್ಸ್‌ಗಳು ಬಾಯಿಬಿಟ್ಟು ಹೇಳುವುದಿಲ್ಲ.

ಅವಳು ಕೋಲಾರದ ಗಡಿಯಾರ ರಿಪೇರಿಯವರ ಮಗಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು. ಬಾಯಿ ಮಾತ್ರ ಒಂದೇ, ಅದಕ್ಕೆ ಬಿಡುವೆಂಬುದೇ ಇರಲಿಲ್ಲ. ೨೦೦೧ರಲ್ಲಿ ಗಂಡ ಹಾರೂನನ ಜೊತೆ ಆಕ್ಲೆಂಡಿಗೆ ಬಂದು, ನಾಲ್ಕು ವರ್ಷ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸಿ ಬೆನ್ನು ಹಿಡಿದುಕೊಂಡ ಮೇಲೆ ವ್ಯಾನಿನ ಲೈಸೆನ್ಸ್ ಮಾಡಿಸಿದಳು. "ವ್ಯಾನಾ? ನೀನಾ?" ಎಂದು ಹಾರೂನ್ ನಕ್ಕಿದ್ದ. ತಿಂಗಳೊಳಗೆ ಅವನಿಗಿಂತ ನೀಟಾಗಿ ರಿವರ್ಸ್ ಹೊಡೆದು ಅವನ ಬಾಯಿ ಮುಚ್ಚಿಸಿದಳು.

ಮೊದಲು ಹತ್ತುವವರು ಗುಣದಾಸ ಅಂಕಲ್. ಶ್ರೀಲಂಕಾದ ಸಿಂಹಳೀಯರು, ರಿಟೈರಾದ ಸರ್ವೇಯರ್, ಶರಟಿನ ಇಸ್ತ್ರಿ ಮುರಿಯದ ಮನುಷ್ಯ. ಅವರದು ಡ್ರೈವರ್ ಪಕ್ಕದ ಸೀಟು. ಆಮೇಲೆ ಟ್ರೆವರ್, ರಗ್ಬಿ ಬಿಟ್ಟರೆ ಬೇರೆ ಲೋಕವಿಲ್ಲದ, ಕಿವಿ ಕೇಳದ, ಇಲ್ಲೇ ಹುಟ್ಟಿಬೆಳೆದ ‘ಕಿವಿ’ ಮುದುಕ. ಕೊನೆಗೆ ಹಿಲ್ಸ್‌ಬರೋದಲ್ಲಿ ಪೂಮಣಿ ಆಂಟಿ, ಅದೇ ಲಂಕೆಯ ಜಾಫ್ನಾದ ತಮಿಳರು, ಹಿರಿಯ ಮಗ ಸೊಸೆಯ ಜೊತೆಗಿರುವವರು. ಅವರು ಕೂರುವುದು ಹಿಂದಿನ ಸೀಟಿನಲ್ಲಿ. ಮೂರು ವರ್ಷದಲ್ಲಿ ಅಂಕಲ್ಲೂ ಆಂಟಿಯೂ ಒಬ್ಬರನ್ನೊಬ್ಬರು ಒಂದು ಮಾತು ಆಡಿಸಿರಲಿಲ್ಲ. ಅಂಕಲ್ ಖದೀಜಾಳ ಜೊತೆ ಇಂಗ್ಲಿಷಿನಲ್ಲಿ, ಆಂಟಿ ತಮಿಳಿನಲ್ಲಿ. ಇಬ್ಬರ ಮಾತೂ ಅವಳ ಮೂಲಕವೇ ಹಾದುಹೋಗಬೇಕು.

ವ್ಯಾನಿನ ಬಿಸಿಲು ತಡೆಯುವ ಪಟ್ಟಿಗೆ ಖದೀಜಾ ಒಂದು ಪುಟ್ಟ ಕ್ಯಾಲೆಂಡರ್ ಅಂಟಿಸಿದ್ದಳು. ಅದರಲ್ಲಿ ಮೂರು ಕೆಂಪು ಚುಕ್ಕಿ. ಜನವರಿ ಕೊನೆಯದು ಅಂಕಲ್ಲಿನದು. ಕೊಲಂಬೊದಲ್ಲಿ ತಮಿಳು ಹೋರಾಟಗಾರರ ಬಾಂಬಿಗೆ ಅವರ ತಮ್ಮ ಸತ್ತ ದಿನ, ಸಿಕ್ಕಿದ್ದು ಒಂದು ಬೂಟು ಮಾತ್ರ. ಜುಲೈನದು ಸಿಂಹಳೀಯರ ಗುಂಪು ಆಂಟಿಯ ಮನೆ ಸುಟ್ಟ ದಿನ. ನವೆಂಬರಿನದು ಹದಿನೇಳನೇ ವಯಸ್ಸಿಗೆ ತಮಿಳು ಹೋರಾಟ ಸೇರಿ ಹೆಣವಾಗಿಯೂ ಬಾರದ ಆಂಟಿಯ ಕಿರಿಯ ಮಗನಿಗೆ ದೀಪ ಹಚ್ಚುವ ದಿನ. ಇವನ್ನೆಲ್ಲ ಅವಳು ಕೆದಕಿ ಕೇಳಿದವಳಲ್ಲ, ಮೂರು ವರ್ಷದಲ್ಲಿ ತಾನಾಗಿ ಕಿವಿಗೆ ಬಿದ್ದದ್ದು. ಚುಕ್ಕಿಯ ದಿನ ಇಬ್ಬರೂ ಒಟ್ಟಿಗೆ ಕೂರದಿರಲೆಂದು ಅಂಕಲ್ಲನ್ನು ಬಿಟ್ಟು ಬಂದು ಆಂಟಿಯನ್ನು ಕರೆದೊಯ್ಯುತ್ತಿದ್ದಳು. ಎರಡು ಟ್ರಿಪ್ಪಿನ ಪೆಟ್ರೋಲಿಗೆ ಆಫೀಸಿನ ಕಾತ್ಯಾಯಿನಿ ಮೇಡಂ ಹುಬ್ಬೇರಿಸಿದರೆ, "ಟ್ರಾಫಿಕ್ಕು ಮೇಡಂ" ಎಂದು ನಿಸ್ಸಂಕೋಚವಾಗಿ ಸುಳ್ಳು ಹೇಳುತ್ತಿದ್ದಳು.

೨೦೦೯ರ ಮೇ ಹತ್ತೊಂಬತ್ತು ಮಂಗಳವಾರ. ಆ ದಿನಕ್ಕೆ ಚುಕ್ಕಿ ಇರಲಿಲ್ಲ.

ಅಂಕಲ್ ಅವತ್ತು ಕೈಯಲ್ಲಿ ಡಬ್ಬಿ ಹಿಡಿದು ಹತ್ತಿದರು. ಒಳಗೆ ತೆಂಗಿನಹಾಲಿನಲ್ಲಿ ಬೇಯಿಸಿ ಬರ್ಫಿಯ ಆಕಾರಕ್ಕೆ ಕೊಯ್ದ ಬೆಳ್ಳನೆಯ ಅನ್ನ.

"ಹೆಂಡತಿ ಮಾಡಿದ್ದಮ್ಮ. ತಗೋ, ತಿನ್ನು," ಎಂದು ಡಬ್ಬಿಯನ್ನು ಅವಳ ಪಕ್ಕದಲ್ಲಿಟ್ಟರು. ಮುಖದಲ್ಲಿ ನಗು ಇತ್ತೋ ಅಳು ಇತ್ತೋ ಅವಳು ಗಮನಿಸಲಿಲ್ಲ. ಹುಟ್ಟುಹಬ್ಬ ಇರಬೇಕು ಎಂದುಕೊಂಡಳು. ಹಿಂದಿನ ಸಂಜೆ ಹಾರೂನನ ತಂಗಿ ಮನೆಗೆ ಬಂದಿದ್ದಳು, ಟಿವಿ ಹಾಕಿರಲಿಲ್ಲ. ಲಂಕೆಯ ಯುದ್ಧ ಮುಗಿಯುತ್ತಿದೆಯೆಂದು ವಾರದಿಂದ ಕೇಳುತ್ತಲೇ ಇದ್ದಳು. ತಮಿಳು ಹೋರಾಟಗಾರರು ಸೋತು ಅದು ಮುಗಿದೇಹೋಯಿತೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಹಿಲ್ಸ್‌ಬರೋದಲ್ಲಿ ಪೂಮಣಿ ಆಂಟಿ ಗೋಡೆ ಹಿಡಿದು ಬಂದರು. ಕಣ್ಣು ಬಾತಿತ್ತು. ಯುದ್ಧದ ನಡುವೆ ಸಮುದ್ರದ ದಂಡೆಯಲ್ಲಿ ಸಿಕ್ಕಿಬಿದ್ದಿದ್ದ ಅಕ್ಕನ ಮನೆಯವರ ಫೋನು ಮಾರ್ಚಿನಿಂದಲೇ ಇಲ್ಲ ಎಂದು ಖದೀಜಾಳಿಗೆ ತಿಳಿದಿತ್ತು.

"ಊಟ ಮಾಡಿದ್ರಾ ಆಂಟಿ?"

"ಎರಡು ದಿನ ಆಯ್ತು ಮಗಳೇ. ಇಳಿಯಲ್ಲ."

ಖಾಲಿ ಹೊಟ್ಟೆಯಲ್ಲಿ ಯಂತ್ರಕ್ಕೆ ಹೋದರೆ ತಲೆ ಸುತ್ತಿ ಬೀಳುತ್ತಾರೆ. ಖದೀಜಾ ಡಬ್ಬಿಯಿಂದ ಒಂದು ತುಂಡು ತೆಗೆದು ಹಿಂದಕ್ಕೆ ಹೋಗಿ ತಾನೇ ಬಾಯಿಗಿಟ್ಟಳು. ಆಂಟಿ ಮಗುವಿನ ಹಾಗೆ ಬಾಯಿ ತೆರೆದರು, ಅಗಿದರು, ಒಂದು ತುತ್ತು ನುಂಗಿದರು. ಆಮೇಲೆ ಕೇಳಿದರು, "ಯಾರು ಮಾಡಿದ್ದು?"

"ಅಂಕಲ್ ಮನೇದು."

ಮುಂದಿನ ಸೀಟಿನಲ್ಲಿ ಅಂಕಲ್ ತಿರುಗಿ ನೋಡಿದವರು ಕೂಡಲೇ ಮುಖ ತಿರುಗಿಸಿದರು. ಪೂಮಣಿ ಆಂಟಿ ಬಾಯಲ್ಲಿದ್ದದ್ದನ್ನು ಸೆರಗಿಗೆ ಉಗಿದು, ಬಾಗಿಲು ಹಿಡಿದು ಕೆಳಗಿಳಿದರು.

"ನನ್ನವರ ಹೆಣದ ಮೇಲೆ ಬೇಯಿಸಿದ ಅನ್ನ," ಎಂದರು. "ಅದನ್ನ ನೀನು ನನ್ನ ಬಾಯಿಗೆ ಇಟ್ಟೆ."

ಗೇಟು ಹಾಕಿಕೊಂಡು ಒಳಗೆ ಹೋದರು. ಅವತ್ತು ಬರಲಿಲ್ಲ, ಗುರುವಾರವೂ ಬರಲಿಲ್ಲ. ಶುಭಕಾರ್ಯಕ್ಕೆ, ಗೆಲುವಿಗೆ ಸಿಂಹಳೀಯರು ಮಾಡುವ ಅನ್ನ ಅದು ಎಂದು ಖದೀಜಾಳಿಗೆ ತಿಳಿಸಿದವರು ಡಯಾಲಿಸಿಸ್ ಕೇಂದ್ರದ ನರ್ಸು.

ಗುರುವಾರ ವಾಪಸ್ ಬರುವಾಗ ಅವಳಿಗೆ ತಡೆಯಲಾಗಲಿಲ್ಲ. "ಆ ಡಬ್ಬಿ ವ್ಯಾನಿಗೆ ತರಬಾರದಿತ್ತು ಅಂಕಲ್."

"ನಾನು ನಿನಗೆ ಕೊಟ್ಟಿದ್ದು, ಅವರಿಗಲ್ಲ," ಎಂದರು ಗುಣದಾಸ. "ಹದಿಮೂರು ವರ್ಷ ಒಂದು ಬೂಟು ಇಟ್ಟುಕೊಂಡು ಕೂತಿದೀನಿ. ಇನ್ನು ಬಾಂಬ್ ಸಿಡಿಯಲ್ಲ ಅಂತ ಹೆಂಡತಿ ಒಂದು ಪಾತ್ರೆ ಅನ್ನ ಮಾಡಿದ್ರೆ ಅದೂ ತಪ್ಪಾ?"

ಖದೀಜಾಳಿಗೆ ಅವರ ಮೇಲೆ ಸಿಟ್ಟು ಬಂತು, ಆ ಸಿಟ್ಟಿಗೆ ನ್ಯಾಯವಿಲ್ಲವೆಂದು ತನ್ನ ಮೇಲೂ ಸಿಟ್ಟು ಬಂತು.

ಶುಕ್ರವಾರ ಮಧ್ಯಾಹ್ನ ಕಾತ್ಯಾಯಿನಿ ಮೇಡಂ ಫೋನ್ ಮಾಡಿದರು. ಮೈಸೂರಿನವರು, ಸಾಮಾನ್ಯವಾಗಿ ಧ್ವನಿ ಏರಿಸದವರು.

"ಖದೀಜಾ, ಶನಿವಾರಾನೂ ಅವ್ರು ಹೋಗ್ಲಿಲ್ಲ ಅಂದ್ರೆ ಸೋಮವಾರ ನೋಡೋದು ಕಷ್ಟ ಅಂತಿದಾರೆ ಡಾಕ್ಟ್ರು. ಬೇರೆ ವ್ಯಾನ್ ಕಳಿಸ್ತೀವಿ ಅಂದ್ವಿ, ಕೇಂದ್ರದಲ್ಲಿ ಕುರ್ಚಿ ದೂರ ಹಾಕಿಸ್ತೀವಿ ಅಂದ್ವಿ. ಏನೂ ಬೇಡ್ವಂತೆ. ಸೊಸೆ ಅಳ್ತಿದ್ಲು. ಏನಾಯ್ತೇ ಆ ವ್ಯಾನಲ್ಲಿ?"

"ನನ್ ಕೈಯಿಂದ್ಲೇ ಆಯ್ತು ಮೇಡಂ. ನಾನ್ ಹೋಗ್ತೀನಿ."

ಪೂಮಣಿ ಆಂಟಿ ಸೋಫಾದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಾದ ಚಪ್ಪಲಿಯಲ್ಲಿ ಹಿಡಿಯದಷ್ಟು ಊದಿತ್ತು. ಎದುರಿಗೆ ಕಿರಿಯ ಮಗನ ಫೋಟೋ. ಅದರ ಪಕ್ಕ ಅಕ್ಕನ ಮನೆಯವರ ಹೊಸ ಫೋಟೋ, ಏಳು ಜನರದ್ದು, ಇನ್ನೂ ಹಾರ ಹಾಕಿರಲಿಲ್ಲ. ಸೊಸೆ ಬಾಗಿಲು ತೆರೆದು ಅಡುಗೆಮನೆಗೆ ಹೋದಳು.

"ಬರಲ್ಲ," ಎಂದರು ಆಂಟಿ, ಅವಳು ಕೇಳುವ ಮೊದಲೇ. "ಏಳು ಜನ ಇದಾರೋ ಇಲ್ವೋ ಗೊತ್ತಿಲ್ಲ. ನನ್ನ ರಕ್ತ ತೊಳೆದು ಏನಾಗಬೇಕು?"

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಖದೀಜಾಳಿಗೆ ಮರೆತುಹೋಯಿತು. ಅವಳು ನೆಲದ ಮೇಲೆ ಕೂತಳು.

"ನಮ್ಮೂರಲ್ಲಿ ಒಂದು ಡಿಸೆಂಬರ್ ಆಂಟಿ. ಗಲಾಟೆ ಅಂತ ಅಂಗಡಿ ಬಾಗಿಲು ಹಾಕ್ಸಿದ್ರು. ಅಬ್ಬ ಅಂಗಡಿಯಿಂದ ನಡ್ಕೊಂಡು ಬರ್ತಿದ್ರು. ದಾರೀಲಿ ಗುರುತಿನೋನೇ ಒಬ್ಬ ನಕ್ಕೊಂಡು ಕೈಗೆ ಪೇಡೆ ಇಟ್ಟ. ಯಾರದೋ ಮದುವೆ ಅಂದ್ಕೊಂಡ್ರು. ಅರ್ಧ ತಿಂದು, ಇನ್ನರ್ಧ ನಂಗೆ ಅಂತ ಮಡಚ್ಕೊಂಡು ತಂದ್ರು. ನಾನು ತಿಂದೆ. ಚೆನ್ನಾಗಿತ್ತು. ಆಮೇಲೆ ಚಿಕ್ಕಪ್ಪ ಬಂದು ಮಸೀದಿ ಬಿದ್ದ ಖುಷಿಗೆ ಹಂಚ್ತಿದಾರೆ ಅಂತ ಹೇಳಿದ್ರು. ಅಬ್ಬ ನಲ್ಲಿ ಹತ್ರ ಹೋಗಿ ಬಾಯಿ ಮುಕ್ಕಳಿಸಿದ್ರು, ಮುಕ್ಕಳಿಸಿದ್ರು, ನಿಲ್ಲಿಸಲೇ ಇಲ್ಲ. ಸಾಯೋವರೆಗೂ ಸಿಹಿ ಮುಟ್ಲಿಲ್ಲ. ನನ್ನ ಮದುವೇಲೂ ಇಲ್ಲ."

ಆಂಟಿಯ ಊದಿದ ಪಾದ ನೋಡುತ್ತ ಖದೀಜಾ ಮುಂದುವರಿಸಿದಳು.

"ಅಷ್ಟು ಗೊತ್ತಿದ್ದೋಳು ನಾನು. ಯಾಕೆ ಮಾಡಿದಾರೆ ಅಂತ ಕೇಳ್ದೆ ನಿಮ್ಮ ಬಾಯಿಗೆ ಇಟ್ಟೆ. ನಂಗೆ ಏನ್ ಬೇಕಾದ್ರೂ ಅನ್ನಿ. ನಾಳೆ ಮಾತ್ರ ಬನ್ನಿ."

ಅಡುಗೆಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿತು. ಆಂಟಿ ಕೇಳಿದ್ದು ಒಂದೇ ಮಾತು: "ನಿಮ್ಮ ಅಪ್ಪ ಅದನ್ನ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ. ಚಿಕ್ಕಪ್ಪಾನೂ ಹೋದ್ರು, ಈಗ ನಂಗೊಬ್ಳಿಗೇ ಗೊತ್ತು."

ಶನಿವಾರ ಬೆಳಿಗ್ಗೆ ಎರಡು ಟ್ರಿಪ್ ಮಾಡಲು ಹೊತ್ತಿರಲಿಲ್ಲ. ಅಂಕಲ್ ಬರಿಗೈಯಲ್ಲಿ ಹತ್ತಿದರು. ಟ್ರೆವರ್ ಮಾತ್ರ ಹಿಂದಿನ ರಾತ್ರಿಯ ಮ್ಯಾಚಿನ ರೆಫರಿಗೆ ಶಾಪ ಹಾಕುತ್ತಿದ್ದ. ಹಿಲ್ಸ್‌ಬರೋದ ಆಂಟಿಯ ಮನೆಯ ಗೇಟಿನಲ್ಲಿ ಯಾರೂ ಇರಲಿಲ್ಲ. ಇಂಜಿನ್ ಆರಿಸದೆ ಕಾದಳು. ಐದು ನಿಮಿಷ. ಎಂಟು ನಿಮಿಷ. ಅಂಕಲ್ ಗಡಿಯಾರ ನೋಡಿಕೊಂಡರು, ಆದರೆ ಹೊರಡು ಎನ್ನಲಿಲ್ಲ.

ಬಾಗಿಲು ತೆರೆಯಿತು. ಸೊಸೆಯ ಹೆಗಲು ಹಿಡಿದು, ಮೂರು ಹೆಜ್ಜೆಗೊಮ್ಮೆ ನಿಂತು, ಪೂಮಣಿ ಆಂಟಿ ಬಂದರು. ಕಾಲಿಗೆ ಹಿರಿಯ ಮಗನ ದೊಡ್ಡ ಚಪ್ಪಲಿ. ಖದೀಜಾ ಇಳಿದು ಓಡಿ ತೋಳು ಕೊಟ್ಟಳು.

"ನಾನೂ ಹೋದ್ರೆ ಆ ಏಳು ಹೆಸರು ಹೇಳೋರು ಯಾರು?" ಎಂದರು ಆಂಟಿ ಏದುಸಿರಿನಲ್ಲಿ. "ಅದಕ್ಕೆ ಬಂದೆ. ನಿನಗೋಸ್ಕರ ಅಲ್ಲ."

"ಸರಿ ಆಂಟಿ."

ವ್ಯಾನು ಹೊರಟಿತು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಆಂಟಿಯ ಧ್ವನಿ ಬಂತು. ಈ ಸಲ ತಮಿಳಿನಲ್ಲಲ್ಲ, ಎಲ್ಲರಿಗೂ ಕೇಳಲಿ ಎಂಬಂತೆ ಇಂಗ್ಲಿಷಿನಲ್ಲಿ.

"ಆ ಕ್ಯಾಲೆಂಡರಲ್ಲಿ ಮೇ ಹತ್ತೊಂಬತ್ತಕ್ಕೂ ಒಂದು ಚುಕ್ಕಿ ಇಡು ಮಗಳೇ."

ಚುಕ್ಕಿಗಳ ಗುಟ್ಟು ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ಖದೀಜಾ ಪೆದ್ದಿಯಂತೆ ಕನ್ನಡಿಯಲ್ಲಿ ನೋಡಿದಳು. ಪೆನ್ನು ತೆಗೆದು ಚುಕ್ಕಿ ಇಟ್ಟಳು.

"ಮುಂದಿನ ವರ್ಷ ಅದು ಯಾವ ವಾರ ಬರುತ್ತೆ?" ಎಂದು ಆಂಟಿ ಕೇಳಿದರು.

ಅವಳು ಬೆರಳು ಎಣಿಸಹೊರಟಳು. ಅಷ್ಟರಲ್ಲಿ ಪಕ್ಕದ ಸೀಟಿನಿಂದ, ತಿರುಗದೆ, ರಸ್ತೆಯನ್ನೇ ನೋಡುತ್ತ ಗುಣದಾಸ ಅಂಕಲ್ ಹೇಳಿದರು:

"ಬುಧವಾರ. ನಮಗೆ ವ್ಯಾನು ಇರಲ್ಲ."

ಮೂರು ವರ್ಷದಲ್ಲಿ ಅವರು ಆಂಟಿಗೆ ಹೇಳಿದ ಮೊದಲ ಮಾತು ಅದು.

"ಒಳ್ಳೇದಾಯ್ತು," ಎಂದರು ಪೂಮಣಿ ಆಂಟಿ. "ಅವರವರ ಮನೇಲಿ ಇರಬಹುದು."

ಸಿಗ್ನಲ್ ಹಸಿರಾಗಿ ಹಿಂದಿನ ಪಿಕಪ್ಪಿನವನು ಹಾರ್ನ್ ಹೊಡೆದ. ಖದೀಜಾಳಿಗೆ ರಸ್ತೆ ಮಂಜಾಗಿ ಕಾಣುತ್ತಿತ್ತು. ಮುದುಕಿ ಮುಂದಿನ ವರ್ಷದ ಮಾತಾಡುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಕಣ್ಣೊರೆಸಿ ಗೇರ್ ಹಾಕಿದಳು.