ಅಮಾವಾಸ್ಯೆಗೊಂದು ಕಿಕ್

ಅಪ್ಪನಿಂದ ನನಗೆ ಬಂದ ಆಸ್ತಿ ಎರಡು. ಒಂದು, ಇಟಲಿಯ ಹಳೇ ಮೋಟಾರ್ ಸೈಕಲ್ಲು. ಇನ್ನೊಂದು, ನನ್ನ ಬಗ್ಗೆ ಅವರಿಗಿದ್ದ ಅಭಿಪ್ರಾಯ. ಇವನ ಕೈಯಲ್ಲಿ ಯಾವ ಕೆಲಸವೂ ಪೂರ್ತಿ ಆಗುವುದಿಲ್ಲ ಎಂದು ಮನೆಗೆ ಬಂದ ನೆಂಟರಿಗೆಲ್ಲ ಕಾಫಿ ಕೊಡುವ ಮೊದಲೇ ಹೇಳಿಬಿಡುತ್ತಿದ್ದರು. ಅದು ಸುಳ್ಳೂ ಅಲ್ಲ. ಈಜು ಕಲಿಯಲು ಹೋದವನು ಕೈಕಾಲು ಬಡಿಯುವವರೆಗೆ ಕಲಿತು ಬಿಟ್ಟೆ. ಗಿಟಾರು ಅಟ್ಟದ ಮೇಲಿದೆ. ಆರು ಕೆಲಸ ಬದಲಾಯಿಸಿದ್ದೇನೆ. ಬಿಟಿಎಂ ಲೇಔಟಿನಲ್ಲಿ ಒಂದು, ಜೆ.ಪಿ. ನಗರದಲ್ಲಿ ಎರಡು, ನಡುವೆ ಪುಣೆಯಲ್ಲಿ ಒಂದು ಬಾಡಿಗೆ ಮನೆ ಮಾಡಿದ್ದೇನೆ. ಮದುವೆಯೂ ಅರ್ಧಕ್ಕೇ ನಿಂತಿತು. ಮೂರು ವರ್ಷದ ಹಿಂದೆ ಸೂಟ್‌ಕೇಸು ಹಿಡಿದು ಬನಶಂಕರಿಯಲ್ಲಿರುವ ಅಮ್ಮನ ಮನೆಗೇ ವಾಪಸು ಬಂದೆ.

ಗಾಡಿ ಆ ಮನೆಯ ಪಕ್ಕದ ಓಣಿಯಲ್ಲಿ, ನೀಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಅಪ್ಪ ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿಗೆ ಯಂತ್ರಗಳನ್ನು ಕೂರಿಸಲು ಬಂದಿದ್ದ ಇಟಲಿಯ ಎಂಜಿನಿಯರು ತನ್ನ ಜೊತೆ ತಂದಿದ್ದ ಗಾಡಿ ಅದು. ಊರಿಗೆ ಹಿಂದಿರುಗುವಾಗ, ಇದನ್ನು ಓಡಿಸಲು ಬಲ್ಲವರು ನೂರು ಜನ ಸಿಗುತ್ತಾರೆ, ಸಾಕಲು ಬಲ್ಲವನು ನೀನೊಬ್ಬನೇ ಎಂದು ಅಪ್ಪನಿಗೆ ಬಿಟ್ಟು ಹೋದನಂತೆ. ಈ ಮಾತನ್ನು ಹೇಳಿದವರು ಅಪ್ಪನೇ ಆದ್ದರಿಂದ ಎಷ್ಟು ನಿಜವೋ ಗೊತ್ತಿಲ್ಲ. ಅಪ್ಪ ಅದನ್ನು ಮೂವತ್ತು ವರ್ಷ ಸಾಕಿದ್ದಂತೂ ನಿಜ. ಸಂಜೆ ಮನೆಗೆ ಬರುವಾಗ ಮೂರನೇ ತಿರುವಿನಲ್ಲೇ ಅದರ ಸದ್ದು ಕೇಳಿಸುತ್ತಿತ್ತು, ಅಮ್ಮ ಒಲೆಯ ಮೇಲೆ ಹಾಲಿಡುತ್ತಿದ್ದರು.

ಅಪ್ಪ ಹೋಗಿ ಹನ್ನೊಂದು ವರ್ಷ. ಅಲ್ಲಿಂದೀಚೆಗೆ ಗಾಡಿಯ ಹತ್ತಿರ ಹೋಗುತ್ತಿದ್ದವರು ಅಮ್ಮ ಒಬ್ಬರೇ. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಸ್ನಾನ ಮಾಡಿ, ಸ್ಟೀಲ್ ಬಟ್ಟಲಿನಲ್ಲಿ ಹರಳೆಣ್ಣೆ ಹಿಡಿದು ಓಣಿಗೆ ಹೋಗುತ್ತಿದ್ದರು. ಕಾಲು ಗಂಟೆ ಬಿಟ್ಟು ಬರುವಾಗ ಟ್ಯಾಂಕಿನ ಮೇಲೆ ಮೂರೆಳೆ ವಿಭೂತಿ ಇರುತ್ತಿತ್ತು. ಪೂಜೆ ಎಂದುಕೊಂಡಿದ್ದೆ. ಒಮ್ಮೆ ನೆಲದ ಮೇಲಿನ ಎಣ್ಣೆ ಜಿಡ್ಡಿಗೆ ಕಾಲು ಜಾರಿ, ಗಾಡಿಗೆ ದೀಪ ಹಚ್ಚಿದರೆ ಅದೇನು ಎದ್ದು ಓಡುತ್ತದೆಯೇ ಎಂದು ರೇಗಿದ್ದೂ ಉಂಟು. ಅಮ್ಮ ಒಂದು ಹಳೇ ಗೋಣಿಚೀಲ ತಂದು ಜಿಡ್ಡಿನ ಮೇಲೆ ಹಾಕಿದರು.

ಈ ವರ್ಷ ಅಮ್ಮ ಎರಡು ವಾರಕ್ಕೆಂದು ತುಮಕೂರಿಗೆ, ಚಿಕ್ಕಮ್ಮನ ಮನೆಗೆ ಹೋದರು. ಮನೆಯಲ್ಲಿ ನಾನೊಬ್ಬನೇ. ಮೊದಲ ದಿನವೇ ಮೂರು ಸಲ ಫ್ರಿಜ್ ತೆಗೆದು ಮುಚ್ಚಿದೆ, ಎರಡು ಸಲ ಜಯನಗರಕ್ಕೆ ಹೋಗಿ ಏನೂ ಕೊಳ್ಳದೆ ಬಂದೆ. ಎರಡನೇ ದಿನ ಟಾರ್ಪಾಲು ಎಳೆದು ಹಾಕಿದೆ. ಅಮ್ಮ ಬರುವಷ್ಟರಲ್ಲಿ ಗಾಡಿಯನ್ನು ಓಡುವ ಹಾಗೆ ಮಾಡಿ, ಮೂರನೇ ತಿರುವಿನಿಂದ ಸದ್ದು ಮಾಡುತ್ತಾ ಬರಬೇಕು. ಒಂದು ಕೆಲಸವನ್ನಾದರೂ ಪೂರ್ತಿ ಮಾಡಿದೆ ಎನಿಸಿಕೊಳ್ಳಬೇಕು. ಯಾರಿಂದ ಎನಿಸಿಕೊಳ್ಳಬೇಕಿತ್ತೋ ಅವರು ಗೋಡೆಯ ಮೇಲೆ ಫೋಟೋದಲ್ಲಿದ್ದರು, ಆದರೂ ಆಸೆ ಹೋಗಿರಲಿಲ್ಲ.

ಆ ಮಾಡೆಲ್ಲಿನ ಗಾಡಿಯ ವಿಡಿಯೋ ಹುಡುಕಿದೆ. ಇಟಲಿಯ ಮುದುಕನೊಬ್ಬ ತನ್ನ ಭಾಷೆಯಲ್ಲಿ ನಲವತ್ತು ನಿಮಿಷ ಮಾತಾಡಿದ್ದ. ಭಾಷೆ ಹೇಗೂ ತಿಳಿಯುವುದಿಲ್ಲವೆಂದು ಎರಡರಷ್ಟು ವೇಗದಲ್ಲಿ, ಅಲ್ಲಲ್ಲಿ ಹಾರಿಸಿ ನೋಡಿದೆ. ಆಮೇಲೆ ಕಿಕ್ ಮೇಲೆ ಕಾಲಿಟ್ಟು ಒತ್ತಿದೆ. ಅದು ಅಲ್ಲಾಡಲಿಲ್ಲ. ಮೈಭಾರವೆಲ್ಲ ಹಾಕಿ ನಿಂತೆ. ಗೋಡೆಯ ಮೇಲೆ ನಿಂತ ಹಾಗಿತ್ತು. ಎಂಜಿನ್ ಜಾಮ್ ಎಂದು ನಾನೇ ತೀರ್ಪು ಕೊಟ್ಟೆ.

ಯಾರನ್ನಾದರೂ ಕೇಳಬಹುದಿತ್ತು. ತುಮಕೂರಿಗೆ ಒಂದು ಫೋನ್ ಮಾಡಿದ್ದರೂ ಸಾಕಿತ್ತು. ಬದಲಿಗೆ ಸ್ಪ್ಯಾನರ್ ಸೆಟ್ ತರಿಸಿ, ನಾಲ್ಕು ದಿನದಲ್ಲಿ ಎಂಜಿನ್ನಿನ ಹೆಡ್ಡು, ಸಿಲಿಂಡರು, ಕಾರ್ಬುರೇಟರು ಎಲ್ಲವನ್ನೂ ಬಿಚ್ಚಿದೆ. ಬಿಚ್ಚುವಾಗ ಮಹಾ ಖುಷಿಯಾಗಿತ್ತು. ಯಾವ ಬೋಲ್ಟು ಎಲ್ಲಿಯದು ಎಂದು ಬರೆದಿಡುವಷ್ಟು ತಾಳ್ಮೆ ಇರಲಿಲ್ಲ, ಎಲ್ಲ ಒಂದೇ ಬಕೆಟ್ಟಿಗೆ ಹೋದವು. ಹೆಡ್ಡಿನ ಕೆಳಗಿನ ತೆಳು ತಾಮ್ರದ ಬಿಲ್ಲೆ, ಅಂದರೆ ಗ್ಯಾಸ್ಕೆಟ್, ಮೀಟುವಾಗ ಹರಿಯಿತು. ಐದನೇ ದಿನ ಬಕೆಟ್ಟಿನೊಳಗೆ ನೋಡಿದಾಗ ಯಾವುದು ಎಲ್ಲಿಯದೆಂದು ಒಂದೂ ಗೊತ್ತಾಗಲಿಲ್ಲ. ಗೂಡ್ಸ್ ಆಟೋ ಕರೆದು, ಗಾಡಿಯನ್ನೂ ಬಕೆಟ್ಟನ್ನೂ ಇಟ್ಟಮಡುವಿನ ಮೆಕ್ಯಾನಿಕ್ ಒಬ್ಬರ ಶೆಡ್ಡಿಗೆ ಸಾಗಿಸಿದೆ.

ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹಳೇ ಗಾಡಿಗಳನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಸಿಲಿಂಡರಿನ ಒಳಗೆ ಬೆರಳಾಡಿಸಿ, ಬೆರಳು ಮೂಸಿ ನೋಡಿ, ನನ್ನ ಮುಖ ನೋಡಿದರು.

"ಇದನ್ನ ಯಾಕ್ ಬಿಚ್ಚಿದ್ರಿ ಸಾರ್?"

ಜಾಮ್ ಆಗಿತ್ತು ಎಂದೆ. ಅವರು ಹ್ಯಾಂಡಲಿನ ಎಡಗಡೆ ಕ್ಲಚ್ಚಿನ ಕೆಳಗಿದ್ದ, ಬೆರಳುದ್ದದ ಇನ್ನೊಂದು ಲಿವರ್ ತೋರಿಸಿದರು. ಅದನ್ನು ಎಳೆದು ಹಿಡಿದರೆ ಒಳಗಿನ ಗಾಳಿ ಬಿಟ್ಟುಕೊಂಡು ಕಿಕ್ ಹಗುರಾಗುತ್ತದಂತೆ. ಎಳೆಯದೆ ಒತ್ತಿದರೆ ಪೈಲ್ವಾನನಿಗೂ ಬಗ್ಗುವುದಿಲ್ಲವಂತೆ. ಮುದುಕನ ವಿಡಿಯೋದಲ್ಲಿ ನಾನು ಹಾರಿಸಿದ್ದ ಕಡೆ ಅದೇ ಇತ್ತು ಎಂದು ಆಮೇಲೆ ನೋಡಿದಾಗ ತಿಳಿಯಿತು.

"ಒಂದ್ ಚುಕ್ಕೆ ತುಕ್ಕಿಲ್ಲ. ಹರಳೆಣ್ಣೆ ಬಿಟ್ಟು ಬಿಟ್ಟು ಯಾರೋ ತಿರುಗಿಸ್ತಾನೇ ಇದಾರೆ ಇದನ್ನ," ಎಂದರು.

ನನಗೆ ಬಟ್ಟಲು ನೆನಪಾಯಿತು. ಆದರೆ ಅವಮಾನ ಎಷ್ಟಿತ್ತೆಂದರೆ ಅದರ ಬಗ್ಗೆ ಹೆಚ್ಚು ಯೋಚಿಸಲು ಹೋಗಲಿಲ್ಲ. ಎಷ್ಟು ದಿನ ಬೇಕು ಎಂದಷ್ಟೇ ಕೇಳಿದೆ. ಗ್ಯಾಸ್ಕೆಟ್ ಮಾಡಿಸಬೇಕು, ಸೀಲುಗಳು ಹೊರಗಿನಿಂದ ಬರಬೇಕು, ತಿಂಗಳ ಮೇಲಾಗುತ್ತದೆ ಎಂದರು.

ಅಮ್ಮ ಅಮಾವಾಸ್ಯೆಯ ಹಿಂದಿನ ದಿನ ತುಮಕೂರಿನಿಂದ ಬಂದರು. ಚಪ್ಪಲಿ ಬಿಡುವ ಮೊದಲೇ ಓಣಿ ನೋಡಿದರು. ಇಟ್ಟಮಡುವಿನ ಶೆಡ್ಡಿನಲ್ಲಿ ರಿಪೇರಿಗೆ ಕೊಟ್ಟಿದ್ದೇನೆ ಎಂದು ದೊಡ್ಡದಾಗಿ ಹೇಳಿದೆ. ಬಕೆಟ್ಟಿನ ವಿಷಯ ಹೇಳಲಿಲ್ಲ. ನಾಳೆಯೊಳಗೆ ಬರುತ್ತದೆಯೇ ಎಂದು ಕೇಳಿದರು. ಅಮಾವಾಸ್ಯೆ ದಿನ ಯಾರಾದರೂ ಗಾಡಿ ಮನೆಗೆ ತರುತ್ತಾರಾ ಎಂದು ನಕ್ಕೆ. ಅವರು ನಗಲಿಲ್ಲ. ಶೆಡ್ಡು ಇಟ್ಟಮಡುವಿನಲ್ಲಿ ಎಲ್ಲಿ ಎಂದು ಕೇಳಿದರು, ಬಸ್ ಸ್ಟಾಪಿನ ಹಿಂದೆ ಎಂದೆ. ನಾನು ಆಗಲೇ ಫೋನಿನಲ್ಲಿ ಇನ್ನೇನೋ ನೋಡುತ್ತಿದ್ದೆ.

ಮಾರನೇ ದಿನ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಮೆಕ್ಯಾನಿಕ್ ಫೋನ್ ಮಾಡಿದರು.

"ಸಾರ್, ನಿಮ್ಮ ತಾಯಿಯವರು ಬಂದಿದ್ರು. ಆಟೋದಲ್ಲಿ, ಎಣ್ಣೆ ಬಟ್ಲು ಹಿಡ್ಕೊಂಡು. ಕಿಕ್ ಎಲ್ಲಿ ಅಂತ ಕೇಳಿದ್ರು. ನಾನ್ ಏನ್ ಹೇಳ್ಲಿ, ಎಲ್ಲಾ ಟೇಬಲ್ ಮೇಲೆ ಬಿಡಿ ಬಿಡಿ ಐತೆ."

ಅಮ್ಮ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಪಿಸ್ಟನ್ನಿನ ಮೇಲೆ ಒಂದು ಚಮಚ ಎಣ್ಣೆ ಹಾಕಿ, ವಿಭೂತಿ ಹಚ್ಚಿ, ನೀರು ಕೊಟ್ಟರೂ ಕುಡಿಯದೆ ಹೋದರಂತೆ. ಆವತ್ತು ಸಿಲ್ಕ್ ಬೋರ್ಡಿನ ಆಫೀಸಿನಿಂದ ಬನಶಂಕರಿಗೆ ಬಸ್ಸಿನಲ್ಲಿ ಬರುವ ಒಂದೂವರೆ ಗಂಟೆ ನನಗೆ ಸೀಟಿನಲ್ಲಿ ಮುಳ್ಳಿದ್ದ ಹಾಗಾಯಿತು. ಎರಡು ಸ್ಟಾಪು ಮೊದಲೇ ಇಳಿದು ನಡೆದೆ.

ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಶೆಡ್ಡಿಗೆ ಏಕೆ ಹೋಗಿದ್ದಿರಿ ಎಂದು ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದರು. ಅಪ್ಪ ಕೊನೆಯ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಆಟೋ ಕಾಯಿಸಿ, ಅಮ್ಮನನ್ನು ಓಣಿಗೆ ಕರೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಎಂಜಿನ್ನಿಗೆ ಎಣ್ಣೆ ಬಿಡುವುದನ್ನೂ ಸಣ್ಣ ಲಿವರ್ ಎಳೆದು ಕೈಯಿಂದಲೇ ಕಿಕ್ ಒತ್ತುವುದನ್ನೂ ತೋರಿಸಿಕೊಟ್ಟಿದ್ದರು. ನಾನು ಆಸ್ಪತ್ರೆಯಿಂದ ಬರುವ ತನಕ ಅಮಾವಾಸ್ಯೆಗೆ ಒಂದು ಸಲ ಹೀಗೆ ಮಾಡು, ಜಾಮ್ ಆಗಬಾರದು ಎಂದಿದ್ದರು. ಹದಿನೆಂಟು ದಿನದ ಮೇಲೆ ಅವರ ದೇಹ ಬಂತು. ಅದಾಗಿ ನಾಲ್ಕನೇ ದಿನ ಅಮಾವಾಸ್ಯೆ. ಮನೆ ತುಂಬ ನೆಂಟರಿರುವಾಗಲೇ ಅಮ್ಮ ಓಣಿಗೆ ಹೋಗಿ ಕಿಕ್ ಒತ್ತಿ ಬಂದಿದ್ದರು.

"ಒಂದೂ ತಪ್ಪಿಸಿರಲಿಲ್ಲ," ಎಂದರು. ಮತ್ತೆ ಹುರುಳಿಕಾಯಿ ಮುರಿಯತೊಡಗಿದರು.

ನನಗೆ ಅಳು ಬಂತು, ಸಿಟ್ಟೂ ಬಂತು. ನನಗೇಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದೆ. ನಾನು ಯಾವಾಗ ಕೂತು ಕೇಳಿದ್ದೆ? ಹನ್ನೊಂದು ವರ್ಷದ ಒಂದು ಕೆಲಸವನ್ನು ಪೂರ್ತಿ ಮಾಡುತ್ತಿದ್ದವರ ಕೈಯಿಂದ ಅದನ್ನು ಕಿತ್ತು ಬಕೆಟ್ಟಿಗೆ ಹಾಕಿದ್ದೆ.

ಅಲ್ಲಿಂದ ಮುಂದಿನ ಅಮಾವಾಸ್ಯೆಯೊಳಗೆ ಗಾಡಿ ಓಣಿಗೆ ಬರಲೇಬೇಕೆಂಬ ಹುಚ್ಚು ಹಿಡಿಯಿತು. ದಿನಾ ಸಂಜೆ ಶೆಡ್ಡಿಗೆ ಹೋಗಿ ಮೆಕ್ಯಾನಿಕ್ಕಿನ ತಲೆ ತಿಂದೆ. ಬೊಮ್ಮನಹಳ್ಳಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ್ದವರೊಬ್ಬರು ಲೇಥ್ ಇಟ್ಟುಕೊಂಡಿದ್ದರು, ಅವರಿಂದ ತಾಮ್ರದ ಗ್ಯಾಸ್ಕೆಟ್ ಮಾಡಿಸಿದೆ. ಎರಡು ಸಲ ಅಳತೆ ತಪ್ಪಿತು, ಎರಡೂ ಸಲ ನನ್ನ ಅವಸರಕ್ಕೆ. ಮೂರನೇ ಸಲ ಅವರು ನನ್ನನ್ನು ಹೊರಗೆ ಕಳಿಸಿ ಅಳೆದರು. ಕೊನೆಗೆ ಮೆಕ್ಯಾನಿಕ್ ಬಕೆಟ್ಟನ್ನು ನನ್ನ ಮುಂದಿಟ್ಟು, ಬೋಲ್ಟುಗಳನ್ನು ಒಂದೊಂದಾಗಿ ಒರೆಸಿ ಅಳತೆಯ ಪ್ರಕಾರ ಜೋಡಿಸಿ, ಅಲ್ಲಿಯವರೆಗೆ ಮಾತಾಡಬೇಡಿ ಎಂದರು. ಮೂರು ಸಂಜೆ ಹಿಡಿಯಿತು. ಮಂಡಿ ಕುಣಿಯುತ್ತಲೇ ಇತ್ತು, ಆದರೆ ಎದ್ದು ಹೋಗಲಿಲ್ಲ.

ಅಮಾವಾಸ್ಯೆಗೆ ಎರಡು ದಿನ ಮೊದಲು ಗಾಡಿ ಸ್ಟಾರ್ಟ್ ಆಯಿತು. ಇಟ್ಟಮಡುವಿನಿಂದ ನಾನೇ ಓಡಿಸಿಕೊಂಡು ಬಂದೆ. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಗೇರು ಹಾಕಲು ಹೋಗಿ ನಾಲ್ಕು ಕಡೆ ಬ್ರೇಕು ಒತ್ತಿ, ಹಿಂದಿನವರಿಂದ ಬೈಸಿಕೊಂಡೆ. ಮೂರನೇ ತಿರುವು ದಾಟಿದಾಗ ಅಮ್ಮ ಗೇಟಿನಲ್ಲಿದ್ದರು. ಚೆನ್ನಾಗಾಯಿತು ಎಂದರು. ಹಿಂದೆ ಕೂರಲು ಕರೆದೆ, ಬೇಡವೆಂದರು. ಆ ಸಂಜೆ ಕಿಟಕಿಯ ಕಟ್ಟೆಯ ಮೇಲಿದ್ದ ಎಣ್ಣೆ ಬಟ್ಟಲನ್ನು ತೊಳೆದು, ಅಡುಗೆಮನೆಯಲ್ಲಿ ಬೇರೆ ಬಟ್ಟಲುಗಳ ಜೊತೆ ಬೋರಲು ಹಾಕಿದರು. ಓಡುವ ಗಾಡಿಗೆ ಇನ್ನು ಎಣ್ಣೆ ಬೇಡವಲ್ಲ ಎಂದರು. ಗೆದ್ದೆ ಎಂದುಕೊಂಡಿದ್ದ ನನಗೆ ಊಟ ಸೇರಲಿಲ್ಲ.

ಅಮಾವಾಸ್ಯೆ ಬೆಳಿಗ್ಗೆ ಅಮ್ಮ ಎಂದಿನಂತೆ ಸ್ನಾನ ಮಾಡಿದರು. ಆಮೇಲೆ ಏನು ಮಾಡುವುದೆಂದು ತಿಳಿಯದೆ ಹಾಲ್‌ನಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಆ ಚಡಪಡಿಕೆ ನನ್ನದು, ಅವರಲ್ಲಿ ನೋಡಲು ನನ್ನಿಂದ ಆಗಲಿಲ್ಲ. ಓಣಿಗೆ ಹೋಗಿ, ಕಿಕ್ ಒತ್ತಿದರೂ ಸ್ಟಾರ್ಟ್ ಆಗದ ಹಾಗೆ ಪೆಟ್ರೋಲ್ ಬಂದ್ ಮಾಡಿ, ಪ್ಲಗ್ಗಿನ ವೈರು ಕಿತ್ತು, ಪ್ಲಗ್ಗನ್ನೂ ಸಡಿಲ ಮಾಡಿದೆ. ಬಟ್ಟಲಿಗೆ ಹರಳೆಣ್ಣೆ ಬಗ್ಗಿಸಿ ತಂದು ಅಮ್ಮನನ್ನು ಕರೆದೆ.

"ಮೆಕ್ಯಾನಿಕ್ ಹೇಳಿದಾರೆ ಅಮ್ಮ," ಎಂದೆ. "ಓಡ್ತಾ ಇದ್ರೂ ಅಮಾವಾಸ್ಯೆಗೆ ಒಂದ್ ಸಲ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸ್ಬೇಕಂತೆ. ಇಲ್ದಿದ್ರೆ ಜಾಮ್ ಆಗುತ್ತಂತೆ. ನನ್ ಕೈಲಿ ಆಗಲ್ಲ, ನೀವೇ ಮಾಡ್ಬೇಕು."

ಮೆಕ್ಯಾನಿಕ್ ಹಾಗೆ ಹೇಳಿರಲಿಲ್ಲ. ಅಮ್ಮ ನನ್ನನ್ನು ನೋಡಿದರು. ನಾನು ಟ್ಯಾಂಕ್ ನೋಡುತ್ತಿದ್ದೆ.

"ನಿಮ್ಮಪ್ಪನೂ ಅವತ್ತು ನಾನ್ ಬರೋ ತನಕ ಅಂತ ಹೇಳುವಾಗ ಹಿಂಗೇ ಟ್ಯಾಂಕ್ ನೋಡ್ತಿದ್ರು," ಎಂದರು ಅಮ್ಮ.

ಬಟ್ಟಲು ಈಸಿಕೊಂಡು ಪ್ಲಗ್ ಬಿಚ್ಚಿದರು. ಒಂದು ಚಮಚ ಎಣ್ಣೆ ಬಿಟ್ಟು ಪ್ಲಗ್ ಹಾಕಿದರು. ಎಡಗೈಯಲ್ಲಿ ಸಣ್ಣ ಲಿವರ್ ಎಳೆದು ಹಿಡಿದು, ಬಗ್ಗಿ, ಬಲಗೈಯಿಂದ ಕಿಕ್ ಒತ್ತಿದರು.